ಪೇಷೆಂಟ್ ಕಡೆಯವರು

ಕಿವಿ ಪರೀಕ್ಷೆಯ ಬೂತಿನೊಳಗೆ ಕೂತಿದ್ದ ಮುದುಕರು ಮತ್ತೆ ಗುಂಡಿ ಒತ್ತಿದರು. ಅವಳು ಶಬ್ದವನ್ನೇ ಕಳಿಸಿರಲಿಲ್ಲ. ಗಾಜಿನ ಈಚೆ, ಅವಳ ಮುಂದಿದ್ದ ಯಂತ್ರದ ಮೇಲೆ ಹಸಿರು ದೀಪವೊಂದು ಹತ್ತಿ ಆರಿತು. ಇದೇನೂ ಹೊಸದಲ್ಲ. ಕಿವಿ ಮಂದವಾದವರು, ಕೇಳಿಸುವುದಿಲ್ಲ ಎಂದು ಒಪ್ಪಿಕೊಳ್ಳಲು ನಾಚಿ, ಸಿಕ್ಕಸಿಕ್ಕಾಗ ಒತ್ತುತ್ತಾರೆ. ಅಂಥವರನ್ನು ಕಂಡುಹಿಡಿಯಲೆಂದೇ ನಡುನಡುವೆ ಏನನ್ನೂ ಕಳಿಸದೆ ಸುಮ್ಮನಿರಬೇಕು, ಕೈ ಮಾತ್ರ ಯಂತ್ರದ ಮೇಲೆ ಆಡುತ್ತಿರಬೇಕು. ಇಲ್ಲದ ಶಬ್ದಕ್ಕೆ ಒತ್ತಿದರೆ ಹಾಳೆಯ ಕೆಳಗೆ ಒಂದು ಗುರುತು ಹಾಕುವುದು ಪದ್ಧತಿ: ಇವರ ಉತ್ತರ ನಂಬುವಂತಿಲ್ಲ. ಅವಳು ಪೆನ್ನು ಎತ್ತಿಕೊಂಡಳು. ‘ಈಗ ಗುರುತು ಹಾಕ್ತಾಳೆ,’ ಅಂದಿತು ದನಿ. ಯಾರೂ ಇಲ್ಲದ ಎಡಗಡೆಯಿಂದ, ಕುತ್ತಿಗೆಯ ತುಸು ಹಿಂದಿನಿಂದ. ನಡುವಯಸ್ಸಿನ ಗಂಡಸಿನದು, ಸಿಟ್ಟಿನದಲ್ಲ, ಕೆಲಸ ಮುಗಿಯದೆ ಬೇಸತ್ತವನ ದನಿ. ಅವಳು ಪೆನ್ನು ಕೆಳಗಿಟ್ಟಳು. ‘ಹಾಕಲ್ಲ. ಹೆದರಿದಳು.’ ಗಾಜಿನಾಚೆ ಮುದುಕರು ಪರೀಕ್ಷೆಗೆ ಕೂತ ಮಗುವಿನ ಹಾಗೆ ಅವಳ ಮುಖವನ್ನೇ ನೋಡುತ್ತಿದ್ದರು, ಸರಿಯಾಗಿ ಒತ್ತಿದೆನೇ ಎಂದು. ಅವಳು ನಕ್ಕು ತಲೆಯಾಡಿಸಿದಳು. ನಗು ತುಟಿಯ ಮೇಲೆ ಸರಿಯಾಗಿ ಕೂತಿತೇ ಎಂದು ಅದೇ ಗಾಜಿನಲ್ಲಿ ನೋಡಿಕೊಂಡಳು. ಈಚೆಗೆ ಎಲ್ಲವನ್ನೂ ಹೀಗೆ ಒಂದು ಸಲ ನೋಡಿಕೊಂಡೇ ಮುಂದೆ ಹೋಗಬೇಕು. ನಗು, ನಡಿಗೆ, ಉತ್ತರ ಕೊಡುವ ಮೊದಲು ತೆಗೆದುಕೊಳ್ಳುವ ಹೊತ್ತು.

ತಿರುಗುವುದಕ್ಕೂ ಒಂದು ನಿಯಮ ಮಾಡಿಕೊಂಡಿದ್ದಳು. ಯಾರಾದರೂ ಕರೆದರೆ ತಟ್ಟನೆ ತಿರುಗಬಾರದು. ಮೊದಲು ಸುತ್ತಲಿನ ಮುಖ ನೋಡಬೇಕು. ಬೇರೆಯವರೂ ತಲೆ ಎತ್ತಿದರೆ ಕರೆದದ್ದು ನಿಜ. ಯಾರೂ ಎತ್ತದಿದ್ದರೆ ಅದು ಆ ದನಿಯವನದು. ನಿಯಮ ಹುಟ್ಟಿದ್ದು ಬಸ್ ಸ್ಟಾಪಿನಲ್ಲಿ. ಮಗುವಿನ ಕೈ ಹಿಡಿದು ನಿಂತಿದ್ದವನೊಬ್ಬ ‘ಇವಳ ಕಾಲು ನೋಡು’ ಅಂದ ಹಾಗಾಗಿ, “ಏನಂದ್ರಿ?” ಎಂದು ಕೇಳಿಬಿಟ್ಟಿದ್ದಳು. ಆತ ಏನೂ ಅಂದಿರಲಿಲ್ಲ. ಜಗಳಕ್ಕೂ ಬರಲಿಲ್ಲ. ಅವಳನ್ನು ಒಂದು ಗಳಿಗೆ ನೋಡಿ, ಮಗುವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡು, ತಾನು ನಡುವೆ ನಿಂತ. ಅಷ್ಟೆ. ಬೈದಿದ್ದರೆ ವಾಸಿಯಿತ್ತು. ಆ ಮಗು ತಂದೆಯ ಕಾಲಿನ ಮರೆಯಿಂದ ಬಗ್ಗಿ ಬಗ್ಗಿ ನೋಡಿದ್ದು ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ. ಆವತ್ತಿನಿಂದ ಬೇರೆಯವರ ಮುಖಗಳೇ ಅವಳ ಕಿವಿ.

ಮುದುಕರನ್ನು ಹೊರಗೆ ಕರೆದುಕೊಂಡು ಬಂದಾಗ ಅವರ ಮಗ ಮುಂದಿನ ಮೇಜಿನ ಹತ್ತಿರ ನಿಂತಿದ್ದ. “ಮಷೀನು ಹಾಕ್ಕೊಂಡಿದ್ದು ಹೊರಗೆ ಕಾಣಬಾರದು ನೋಡಿ. ಕೂದಲಲ್ಲಿ ಮುಚ್ಚಿಹೋಗಬೇಕು.” “ತಲೇಲಿ ಕೂದಲೆಲ್ಲಿದೆಯೋ?” ಅಂದರು ಮುದುಕರು, ಬೆಳಗಿನಿಂದ ಅದೊಂದೇ ಅವರಿಗೆ ಸರಿಯಾಗಿ ಕೇಳಿಸಿದ್ದು. ಮೇಜಿನ ಹಿಂದೆ ಕೂತಿದ್ದವಳು ಗಟ್ಟಿಯಾಗಿ ನಕ್ಕಳು. ಅವಳನ್ನು ಇಲ್ಲಿ ಎಲ್ಲರೂ ರೇಡಿಯೋ ಎನ್ನುತ್ತಾರೆ, ಹಚ್ಚುವುದಕ್ಕೆ ಗುಂಡಿ ಇದೆ, ಆರಿಸುವುದಕ್ಕಿಲ್ಲ ಎಂದು. ಬಂದವರ ಹೆಸರು, ವಯಸ್ಸು ಬರೆದುಕೊಳ್ಳುವುದು ರೇಡಿಯೋ ಕೆಲಸ. ಹೋದ ವಾರ ಒಬ್ಬ ತಾಯಿ ಮಗಳನ್ನು ಕರೆತಂದು, “ಹೆಸರು ಬೇರೆ ಯಾವುದಾದರೂ ಬರ್ಕೊಳ್ಳಮ್ಮ, ಮದುವೆ ಆಗಬೇಕಾದ ಹುಡುಗಿ,” ಎಂದು ಮೆಲ್ಲಗೆ ಹೇಳಿದ್ದಳು. ಅವರು ಹೋದಮೇಲೆ ರೇಡಿಯೋ, “ನಮ್ಮ ಪುಸ್ತಕ ನಂಬಿದರೆ ಈ ಊರಲ್ಲಿ ಅರ್ಧ ಜನ ಇನ್ನೂ ಹುಟ್ಟೇ ಇಲ್ಲ ಕಣೇ,” ಅಂದಿದ್ದಳು. ಆ ಮಾತಿಗೆ ಎಲ್ಲರ ಜೊತೆ ಅವಳೂ ನಕ್ಕಿದ್ದಳು, ಆದರೆ ಬೇರೆ ಹೆಸರು ಎನ್ನುವುದು ಅವಳೊಳಗೆ ಅಲ್ಲೇ ನಿಂತುಬಿಟ್ಟಿತು. ಅಷ್ಟು ಸುಲಭವೇ. ಒಂದು ಸುಳ್ಳು ಹೆಸರು ಹೇಳಿ ಬಾಗಿಲು ದಾಟಬಹುದು, ಒಳಗಿನದನ್ನೆಲ್ಲ ಹೇಳಬಹುದು, ಹೊರಗೆ ಬಂದು ಆ ಹೆಸರನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಬಹುದು.

“ಮಧ್ಯಾಹ್ನ ರಜ ಅಂತೆ?” ಅಂದಳು ರೇಡಿಯೋ. ಇವಳು ಪ್ರಿಂಟರಿನ ಹತ್ತಿರ ಇದ್ದ ಹುಡುಗಿಯ ಮುಖ ನೋಡಿದಳು. ಆ ಹುಡುಗಿಯೂ ಇತ್ತ ನೋಡಿದ್ದಳು. ನಿಜ. “ಹಲ್ಲು ನೋವು,” ಅಂದಳು. “ಯಾವ ಹಲ್ಲು?” ಇದಕ್ಕೆ ಸಿದ್ಧವಾಗಿರಲಿಲ್ಲ. “ಹಿಂದಿಂದು.” “ಬುದ್ಧಿ ಹಲ್ಲಾ? ಹುಷಾರು, ಇರೋದೇ ಅಷ್ಟು, ಅದನ್ನೂ ಕಿತ್ತುಹಾಕಿಬಿಟ್ಟಾರು. ಈಗಲೇ ಕೂಗಿದರೆ ಒಂದು ಗಂಟೆ ಯೋಚನೆ ಮಾಡಿ ತಿರುಗ್ತೀಯ. ಎಲ್ಲಿರುತ್ತೆ ನಿನ್ನ ಗ್ಯಾನ? ಹುಚ್ಚಿ.” ಅದರಲ್ಲಿ ಏನೂ ಇಲ್ಲ. ರೇಡಿಯೋ ಎಲ್ಲರಿಗೂ ಹುಚ್ಚಿ, ಹುಚ್ಚ ಅನ್ನುತ್ತಾಳೆ. ಕಾಗದ ಸಿಕ್ಕಿಕೊಂಡರೆ ಪ್ರಿಂಟರಿಗೂ ಅನ್ನುತ್ತಾಳೆ. ಆದರೂ ಅವಳ ಕೈ ಚೀಲದ ಹಿಡಿಯನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ, ಬೀದಿಗೆ ಬಂದು ಬಿಟ್ಟಾಗ ಅಂಗೈಯಲ್ಲಿ ಹೊಲಿಗೆಯ ಗುರುತು ಕೂತಿತ್ತು. ‘ಬೀದಿಗೆ ಬಂದಳು,’ ಅಂದ ಅವನು. ‘ಬಲಕ್ಕೆ ಹೋಗ್ತಾಳೆ.’ ಬಲಕ್ಕೇ ಹೋಗಬೇಕಿತ್ತು. ಹೋದಳು.

ಮೊದಮೊದಲು ಅವನು ನಲ್ಲಿಯ ನೀರಿನ ಸದ್ದಿನಲ್ಲಿ ಮಾತ್ರ ಇರುತ್ತಿದ್ದ. ಆಮೇಲೆ ಫ್ಯಾನಿನಲ್ಲಿ. ಆಮೇಲೆ ಬರುವುದಕ್ಕೆ ಏನೂ ಬೇಡವಾಯಿತು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವಳು ತಾನೇ ಬೂತಿನೊಳಗೆ ಹೋಗಿ ಕೂತಿದ್ದಳು. ಅದರ ಬಾಗಿಲು ದಪ್ಪ; ಒಳಗೆ ಹೊರಗಿನ ಪಿಸುಮಾತೂ ಬರುವುದಿಲ್ಲ, ಹೊಸಬರಿಗೆ ತಮ್ಮ ರಕ್ತ ಓಡುವುದೇ ಕೇಳಿಸಿ ಗಾಬರಿಯಾಗುತ್ತದೆ. ಅವಳಿಗೆ ಒಂದು ಆಸೆಯಿತ್ತು. ಮೇಲಿನ ಮಹಡಿಯವರೋ, ಪಕ್ಕದ ಅಂಗಡಿಯ ಟೀವಿಯೋ, ಎಲ್ಲಿಂದಲೋ ದನಿ ಬರುತ್ತಿದ್ದರೆ ಈ ಬಾಗಿಲು ಅದನ್ನು ಕತ್ತರಿಸಿ ಹಾಕಬೇಕು. ಎಳೆದುಕೊಂಡಳು. ರಬ್ಬರಿನ ಅಂಚು ಚೌಕಟ್ಟಿಗೆ ಒತ್ತಿ ಕೂತಿತು. ಬೆಳಗಿನಿಂದ ಹಿಡಿದಿಟ್ಟಿದ್ದ ಉಸಿರು ಸಡಿಲವಾಯಿತು. ಎಷ್ಟು ದಿನವಾಗಿತ್ತು ಇಂಥ ಮೌನ. ಆಗ ಅವನು, ಜಗಲಿಯಲ್ಲಿ ಕೂತಿದ್ದವನು ಎದ್ದು ಒಳಮನೆಗೆ ಬಂದ ಹಾಗೆ, ಹಿಂದೆಂದಿಗಿಂತ ಸ್ಪಷ್ಟವಾಗಿ, ‘ಈಗ ಗೊತ್ತಾಯ್ತು ಅವಳಿಗೆ,’ ಅಂದ. ಬಾಗಿಲು ತೆಗೆಯಲು ಹೋದ ಅವಳ ಕೈಗೆ ಹಿಡಿಯೇ ಸಿಗಲಿಲ್ಲ. ಕಿವಿಯಿಂದ ಮಿದುಳಿನ ತನಕದ ದಾರಿಯನ್ನು ಬಣ್ಣದ ಪೆನ್ಸಿಲಿನಲ್ಲಿ ಬರೆದು ಮೆಚ್ಚುಗೆ ಪಡೆದವಳು ಅವಳು. ಕಾಯಿಲೆಯ ಹೆಸರೂ ಗೊತ್ತಿತ್ತು. ಸ್ಕಿಜೋಫ್ರೇನಿಯಾ. ಪಾಠದ ಪುಸ್ತಕದಲ್ಲಿ ಅದಕ್ಕೆ ಅರ್ಧ ಪುಟವಿತ್ತು, ಹದಿಹರೆಯ ಕಳೆದ ಹೊಸತರಲ್ಲಿ ತೋರಿಕೊಳ್ಳುವುದು ಹೆಚ್ಚೆಂದು, ಚಿಕಿತ್ಸೆಗೆ ಬೇಗ ಬಂದವರಿಗೆ ಔಷಧಿ ಚೆನ್ನಾಗಿ ಹಿಡಿಯುತ್ತದೆಂದು. ಆ ಪಾಠದ ದಿನ ಹಿಂದಿನ ಬೆಂಚಿನವನೊಬ್ಬ ಕಣ್ಣು ಮೇಲೆ ಮಾಡಿ, ಗಾಳಿಯ ಜೊತೆ ಮಾತಾಡಿ ತೋರಿಸಿದ್ದ. ಮೇಷ್ಟ್ರು ಕೂಡ ನಗು ತಡೆಯಲಾರದೆ ಬೋರ್ಡಿನ ಕಡೆ ತಿರುಗಿದ್ದರು.

ಬೇಗ ಎಂದರೆ ಎಷ್ಟು ಬೇಗ. ಬಸ್ಸಿನ ಕಿಟಕಿಯ ಪಕ್ಕ ಕೂತು ಅವಳು ಅದನ್ನೇ ಯೋಚಿಸಿದಳು. ಮನೆಯಲ್ಲಿ ಅಕ್ಕನ ಮದುವೆ ಗೊತ್ತಾಗಿದೆ. ಗಂಡಿನ ತಂದೆ ಊಟಕ್ಕೆ ಬಂದಿದ್ದಾಗ, “ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅಂತಾರಲ್ಲ, ಹಾಗಿತ್ತು ನಮ್ಮ ಹುಡುಗನ ಕಥೆ,” ಎಂದು ಎಲ್ಲರನ್ನೂ ನಗಿಸಿ, ಆಮೇಲೆ ಬಾಯಿ ಒರೆಸಿಕೊಳ್ಳುತ್ತ, “ಅಂದಹಾಗೆ ನಿಮ್ಮ ಕಡೆ ಆ ಥರದ್ದೇನೂ ಇಲ್ವಲ್ಲ? ಮನೇಲಿ ಹೆಂಗಸರು ಕೇಳು ಅಂದಿದ್ರು, ಅದಕ್ಕೆ,” ಅಂದರು. “ನಮ್ಮ ವಂಶದಲ್ಲೇ ಇಲ್ಲ,” ಅಂದಳು ಅಮ್ಮ, ಕೇಳುವ ಮೊದಲೇ ಉತ್ತರ ಬಾಯಲ್ಲಿದ್ದ ಹಾಗೆ. ಅಪ್ಪ ತಟ್ಟೆ ನೋಡಿಕೊಂಡು ಕೂತಿದ್ದರು. ಅಪ್ಪನಿಗೊಬ್ಬಳು ತಂಗಿ ಇದ್ದಳು. ಅತ್ತೆ. ಮನೆಗೆ ಯಾರು ಬಂದರೂ ಅತ್ತೆಯನ್ನು ಬಚ್ಚಲಿನ ಪಕ್ಕದ ಕೋಣೆಗೆ ಕಳಿಸಿ, ಅವಳ ಮಾತು ಹೊರಗೆ ಕೇಳದ ಹಾಗೆ ಬಚ್ಚಲಿನ ನಲ್ಲಿ ಬಿಡುತ್ತಿದ್ದರು. ಜೊತೆಗೆ ಇವಳನ್ನೂ ಕಳಿಸುತ್ತಿದ್ದರು, ಅತ್ತೆಯ ಕೈ ಹಿಡಿದು ಕೂತಿರು ಎಂದು. ಆ ಕೋಣೆಯಲ್ಲಿ ಒದ್ದೆ ಬಟ್ಟೆಯ ವಾಸನೆ ಇರುತ್ತಿತ್ತು. ಅತ್ತೆ ಅವಳ ಜಡೆ ಬಿಚ್ಚಿ ಹೆಣೆಯುತ್ತಿದ್ದಳು. ನಡುವೆ ಗೋಡೆಯ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, “ಸ್ವಲ್ಪ ತಡೀರಿ, ಮಗು ಇದೆ,” ಅನ್ನುತ್ತಿದ್ದಳು. ಒಂದು ದಿನ ಅತ್ತೆಯನ್ನು ಗಾಳಿ ಬದಲಾವಣೆಗೆಂದು ಕಾರಿನಲ್ಲಿ ಕೂರಿಸಿಕೊಂಡು ಹೋದರು. ಕಾರು ವಾಪಸು ಬಂತು. ಜ್ವರ ಬಂದು ಹೋದಳು ಎಂದು ಬೀದಿಯವರಿಗೆ ಹೇಳಿದರು. ಕ್ರಮೇಣ ಮನೆಯವರೂ ಅದನ್ನೇ ನಂಬಿದರು. ಆಮೇಲೆ ಅಪ್ಪನ ಬಾಯಲ್ಲಿ ಆ ಹೆಸರು ಬಂದದ್ದನ್ನು ಅವಳು ಕೇಳಿಲ್ಲ.

ಅಮ್ಮನಿಗೆ ಗೊತ್ತೋ ಇಲ್ಲವೋ. ಈಚೆಗೆ ಒಂದು ಬೆಳಗ್ಗೆ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ, ಅವನ ಮಾತು ತಡೆಯಲಾರದೆ, ಅವಳು “ಸಾಕು ನಿಲ್ಲಿಸು” ಅಂದುಬಿಟ್ಟಿದ್ದಳು, ಬಾಯಿಬಿಟ್ಟು. ತಿರುಗಿದರೆ ಬಾಗಿಲಲ್ಲಿ ಅಮ್ಮ. ಅಮ್ಮನ ಮುಖದಲ್ಲಿ ಏನೋ ಜಾರಿ ಬಿತ್ತು. ಆಮೇಲೆ ಅಮ್ಮ ಅದನ್ನು ಎತ್ತಿಕೊಂಡು ಮೊದಲಿದ್ದ ಜಾಗದಲ್ಲೇ ಇಟ್ಟಳು. “ಏನೋ ಗುನುಗ್ತಾ ಇದ್ದೆಯಲ್ಲ, ಯಾವ ಹಾಡದು?” ಅಂದಳು. “ಯಾವುದೋ ಹಳೇದು,” ಅಂದಳು ಇವಳು. “ಚೆನ್ನಾಗಿದೆ,” ಅಂದಳು ಅಮ್ಮ, ಮುಂದೆ ಬಂದು, ಅವಳ ಕಡೆ ನೋಡದೆ, ನಲ್ಲಿಯನ್ನು ಪೂರ್ತಿ ತಿರುಗಿಸಿದಳು.

ಮಾನಸಿಕ ರೋಗಗಳ ಆಸ್ಪತ್ರೆ ಅವಳ ಮನೆಯಿಂದ ಎರಡು ಬಸ್ಸಿನಷ್ಟು ದೂರ. ಹತ್ತಿರದ್ದಕ್ಕೆ ಹೋದರೆ ಗುರುತಿನವರು ಸಿಗುತ್ತಾರೆ. ಚೀಟಿ ಬರೆಯುವವನು ಕಿಂಡಿಯ ಹಿಂದೆ ತಲೆ ತಗ್ಗಿಸಿಕೊಂಡೇ, “ಪೇಷೆಂಟ್ ಹೆಸರು?” ಅಂದ. ದಾರಿಯುದ್ದಕ್ಕೂ ಒಂದು ಹೆಸರು ಕಟ್ಟಿಕೊಂಡು ಬಂದಿದ್ದಳು, ಯಾರದೂ ಅಲ್ಲದ್ದು. ಅದು ಬಾಯಿಗೆ ಬರಲೇ ಇಲ್ಲ. ಬಂದದ್ದು ಅತ್ತೆಯ ಹೆಸರು. ತನ್ನ ದನಿಯಲ್ಲಿ ಆ ಹೆಸರು ಕೇಳಿ ಅವಳೇ ಬೆಚ್ಚಿದಳು. “ವಯಸ್ಸು?” ಅದಕ್ಕೆ ಮಾತ್ರ ನಿಜ ಬಂತು. ಚೀಟಿಯನ್ನು ಒಬ್ಬ ಹೆಂಗಸು ತೆಗೆದುಕೊಂಡು ಒಳಗಿಟ್ಟು, ಕರೆದಾಗ ಬನ್ನಿ ಅಂದಳು. ಆ ಹೆಂಗಸೇ ಡಾಕ್ಟರ ಕೋಣೆಯ ಬಾಗಿಲಲ್ಲಿ ನಿಂತು ಹೆಸರು ಕೂಗುವ ಅಟೆಂಡರ್.

ಕಾಯುವ ಹಜಾರದಲ್ಲಿ ಬೆಂಚುಗಳೆಲ್ಲ ತುಂಬಿದ್ದವು. ಅವಳು ಅಂದುಕೊಂಡಿದ್ದಂತೆ ಯಾರೂ ಕಿರುಚುತ್ತಿರಲಿಲ್ಲ, ಯಾರನ್ನೂ ಕಟ್ಟಿ ಹಾಕಿರಲಿಲ್ಲ. ಬ್ಯಾಂಕಿನಲ್ಲಿ ಕಾಯುವವರ ಹಾಗೆ ಕೂತಿದ್ದರು. ಅದೇ ಅವಳನ್ನು ಇನ್ನಷ್ಟು ಹೆದರಿಸಿತು. ಇವರಲ್ಲಿ ಯಾರು ರೋಗಿ, ಯಾರು ಜೊತೆಗೆ ಬಂದವರು ಎಂದು ಹೇಳಲಾಗದಿದ್ದರೆ, ಅವಳನ್ನು ನೋಡಿದವರಿಗೂ ಹೇಳಲಾಗುವುದಿಲ್ಲವಲ್ಲ ಎಂಬ ಸಮಾಧಾನ ಬರಬೇಕಿತ್ತು, ಬರಲಿಲ್ಲ. ಪಕ್ಕದಲ್ಲಿ ಒಬ್ಬ ದರ್ಜಿ. ಅಳತೆಯ ಟೇಪು ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು. ಅವನಾಚೆ ಅವಳದೇ ವಯಸ್ಸಿನ ಹುಡುಗ, ಚಪ್ಪಲಿಯ ಮೇಲೆ ಕಣ್ಣು ನೆಟ್ಟು. “ಯಾರ ಕಡೆಯವರಮ್ಮ ನೀವು?” ಎಂದು ದರ್ಜಿ ಕೇಳಿದ. ಹೀಗೂ ಕೇಳುತ್ತಾರೆಂದು ಅವಳಿಗೆ ಹೊಳೆದಿರಲಿಲ್ಲ. ಬಾಗಿಲೊಂದು ತಾನಾಗಿ ತೆರೆದ ಹಾಗಾಯಿತು. “ನಮ್ಮ ಅತ್ತೆ,” ಅಂದಳು. “ಎಲ್ಲಿ ಅವರು?” “ಟಾಯ್ಲೆಟ್ಟಿಗೆ ಹೋಗಿದ್ದಾರೆ.” “ನನ್ನ ಮಗ ಇವನು. ಅಂಗಡಿ ಹತ್ತಿರ ಕೇಳಿದೋರಿಗೆಲ್ಲ ಬೆನ್ನು ನೋವು ಅಂತ ಹೇಳಿಟ್ಟಿದ್ದೀನಿ. ಈಗ ಗಿರಾಕಿಗಳು ಒಬ್ಬೊಬ್ಬರು ಒಂದೊಂದು ಮುಲಾಮು ತಂದುಕೊಡ್ತಾರೆ. ಮನೇಲಿ ಇಡೋಕೆ ಜಾಗ ಇಲ್ಲ.” ನಕ್ಕ. ನಗು ನಿಂತಮೇಲೆ, “ತಡ ಮಾಡಿಬಿಟ್ಟೆ ನಾನು,” ಅಂದ. “ಓದೋದರಲ್ಲಿ ಮುಂದಿದ್ದ. ಜನ ಏನಂತಾರೋ, ಜನ ಏನಂತಾರೋ ಅಂತ. ಜನ ಏನೂ ಅನ್ನಲಿಲ್ಲ, ಅನ್ನೋಕೆ ಅವರಿಗೆ ಗೊತ್ತಾದರೆ ತಾನೆ. ಓದು ಹೋಯ್ತು.” “ಅಪ್ಪ,” ಅಂದ ಹುಡುಗ, ಚಪ್ಪಲಿಯಿಂದ ಕಣ್ಣೆತ್ತದೆ. “ಟೇಪು.” ದರ್ಜಿ ಕೊರಳು ಮುಟ್ಟಿ ನೋಡಿಕೊಂಡು, ನಾಚಿ, ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡ.

ಆಗ ಅತ್ತೆಯ ಹೆಸರು ಕೇಳಿಸಿತು. ಹೆಣ್ಣು ದನಿ, ದೊಡ್ಡದು, ಹಜಾರದ ಆ ತುದಿಯಿಂದ. ಅವಳ ಮೈ ಏಳಲು ಹೊರಟಿತು. ನಿಯಮ ಅದನ್ನು ಹಿಡಿದು ಕೂರಿಸಿತು. ಮುಖಗಳನ್ನು ನೋಡಿದಳು. ಎದುರು ಬೆಂಚಿನ ಹೆಂಗಸು ತನ್ನ ಉಗುರು ನೋಡಿಕೊಳ್ಳುತ್ತಿದ್ದಳು. ಅವಳ ಪಕ್ಕದವನು ಕಣ್ಣು ಮುಚ್ಚಿದ್ದ. ದರ್ಜಿ ನೆಲ ನೋಡುತ್ತಿದ್ದ. ಇಡೀ ಹಜಾರದಲ್ಲಿ ಒಂದು ತಲೆಯೂ ಎದ್ದಿರಲಿಲ್ಲ. ಹಾಗಾದರೆ ಯಾರೂ ಕರೆದಿಲ್ಲ. ಹಾಗಾದರೆ ಇದು ಒಳಗಿನದು, ಆದರೆ ಅವನದಲ್ಲ, ಹೊಸದು, ಹೆಂಗಸಿನದು, ಮತ್ತು ಅದಕ್ಕೆ ಅತ್ತೆಯ ಹೆಸರು ಗೊತ್ತಿದೆ. ಒಬ್ಬನೇ ಇದ್ದಾನೆ ಎಂಬುದು ಇಷ್ಟು ದಿನ ಒಂದು ಆಸರೆಯಾಗಿತ್ತು ಎಂದು ಈಗ ತಿಳಿಯಿತು. ಇನ್ನೊಬ್ಬಳು ಬಂದಳು. ನಾಳೆ ಮತ್ತೊಬ್ಬರು ಬರುತ್ತಾರೆ. ಮತ್ತೆ ಅದೇ ಹೆಸರು, ಇನ್ನೂ ಗಟ್ಟಿಯಾಗಿ. ಬಾಗಿಲ ಕಡೆ ನೋಡಲು ಅವಳಿಗೆ ಧೈರ್ಯವಾಗಲಿಲ್ಲ. ಅಲ್ಲಿ ಯಾರೂ ನಿಂತಿರದಿದ್ದರೆ? ‘ಕೂತಿದ್ದಾಳೆ,’ ಅಂದ ಅವನು. ‘ಏಳಲ್ಲ.’ ಬೇರೆ ಯಾರದೋ ಹೆಸರು ಬಂತು, ಯಾರೋ ಎದ್ದು ಹೋದರು. ಆಗಲೂ ಯಾರೂ ತಲೆ ಎತ್ತ‌ಲಿಲ್ಲ. ಎದ್ದು ಹೋದವರ ಚಪ್ಪಲಿಯ ಸದ್ದು ಮಾತ್ರ ನಿಜವಾಗಿ ದೂರವಾಯಿತು. ಅವಳು ಆ ಸದ್ದನ್ನು ಹಿಡಿದುಕೊಂಡು ಕೂತಳು. ಎದ್ದವರಿದ್ದಾರೆ, ನೋಡಿದವರಿಲ್ಲ.

“ಎರಡು ಸಲ ಕೂಗಿದ್ರು, ಯಾರೂ ಹೋಗಲಿಲ್ಲ ಪಾಪ,” ಅಂದ ದರ್ಜಿ, ನೆಲಕ್ಕೆ ಹೇಳುವವನ ಹಾಗೆ. ಅವಳು ಅವನ ತೋಳು ಹಿಡಿದುಬಿಟ್ಟಳು. “ಕೂಗಿದ್ರಾ? ಯಾವ ಹೆಸರು?” ಅವನು ಹೇಳಿದ. ಅತ್ತೆಯ ಹೆಸರನ್ನು, ಗಂಡಸಿನ ಒರಟು ಬಾಯಲ್ಲಿ, ಒಂದು ಅಕ್ಷರವೂ ಬಿಡದೆ. “ನೀವು ನೋಡಲೇ ಇಲ್ವಲ್ಲ,” ಅಂದಳು. “ಯಾರೂ ತಿರುಗಲೇ ಇಲ್ಲ.” “ಇಲ್ಲಿ ಯಾರೂ ತಿರುಗಲ್ಲಮ್ಮ.” ದರ್ಜಿ ಮೆಲ್ಲಗೆ ಅಂದ. “ಬೇರೆ ಆಸ್ಪತ್ರೇಲಿ ಹೆಸರು ಕೂಗಿದರೆ ಎಲ್ಲ ಕುತ್ತಿಗೆ ಉದ್ದ ಮಾಡಿ ನೋಡ್ತಾರೆ. ಇಲ್ಲಿ ನೋಡಲ್ಲ. ಯಾರು ಎದ್ದರು ಅಂತ ಗೊತ್ತಾಗಬಾರದಲ್ಲ, ಅದಕ್ಕೆ. ನಾವು ಅವರನ್ನ ನೋಡಲ್ಲ, ಅವರು ನಮ್ಮನ್ನ ನೋಡಲ್ಲ. ಹೋದ ವಾರ ನಮ್ಮ ಬೀದಿಯವರೇ ಒಬ್ಬರು ಎದುರಿಗೆ ಕೂತಿದ್ರು. ಇಬ್ಬರೂ ಎದ್ದು ಹೋಗೋ ತನಕ ನೆಲ ನೋಡಿದ್ವಿ.” ಅವಳು ತೋಳು ಬಿಟ್ಟಳು. ಕೈ ಬೆವರಿನಿಂದ ಅವನ ಅಂಗಿಯ ಮೇಲೆ ಗುರುತು ಮೂಡಿತ್ತು. ಮುಖ ನೋಡಿ ನಿಜ ಸುಳ್ಳು ಅಳೆಯುವ ಅವಳ ನಿಯಮಕ್ಕೆ, ಮುಖ ಎತ್ತದವರ ಊರೊಂದು ಇರಬಹುದೆಂದು ಗೊತ್ತಿರಲಿಲ್ಲ.

ಅಟೆಂಡರ್ ಹೆಂಗಸು ಬಾಕಿ ಉಳಿದ ಚೀಟಿಗಳನ್ನು ಮತ್ತೊಮ್ಮೆ ಕೂಗಿದಳು. ಈ ಸಲ ಅವಳು ಯಾರ ಮುಖವನ್ನೂ ನೋಡದೆ ಎದ್ದಳು. ಎದ್ದಾಗ ಯಾರೂ ತನ್ನನ್ನು ನೋಡದಿರುವುದು ಬೆನ್ನ ಮೇಲೆ ಭಾರವಾಗಿ ಕೂತಿತು. “ಎಲ್ಲಿಗೆ ಹೋಗಿದ್ರಿ? ಗಂಟಲು ಹರ್ಕೊಂಡೆ,” ಅಂದಳು ಹೆಂಗಸು. “ನೀವೇನಾ ಪೇಷೆಂಟು?” ಅಷ್ಟು ಹತ್ತಿರ ಬಂದಿತ್ತು. ಹೂಂ ಅಂದಿದ್ದರೆ ಮುಗಿಯುತ್ತಿತ್ತು. “ಪೇಷೆಂಟ್ ಕಡೆಯವಳು,” ಅಂದಳು. “ಹೋಗಿ, ಹೋಗಿ ಒಳಗೆ.”

ಡಾಕ್ಟರು ಹೆಂಗಸು, ಅವಳಿಗಿಂತ ಬಹಳ ದೊಡ್ಡವರಲ್ಲ. ನೆಗಡಿಯಾಗಿ ಮೂಗು ಕೆಂಪಾಗಿತ್ತು. ಮಾತಿಗೊಮ್ಮೆ ಕರವಸ್ತ್ರ ತೆಗೆಯುತ್ತಿದ್ದರು. ಮೇಜಿನ ಪಕ್ಕ, ಅವರ ಮೊಣಕೈಗೆ ತಾಗುವಷ್ಟು ಹತ್ತಿರ ಒಂದು ಸ್ಟೂಲಿತ್ತು. ಗೋಡೆಗೆ ಒರಗಿಸಿ ಒಂದು ಕುರ್ಚಿ. ಅವಳು ಗೋಡೆಯ ಕುರ್ಚಿಯಲ್ಲಿ ಕೂತಳು. “ಹೇಳಿ, ಅವರಿಗೇನು ತೊಂದರೆ?” “ನಮ್ಮ ಅತ್ತೆ. ಕೇಳಿಸುತ್ತೆ ಅವರಿಗೆ,” ಅಂದಳು. “ಏನು ಕೇಳಿಸುತ್ತೆ?” “ಒಂದು ದನಿ. ಅವರು ಏನು ಮಾಡ್ತಾರೋ ಅದನ್ನೇ ಹೇಳುತ್ತೆ. ಈಗ ಏಳ್ತಾಳೆ, ಈಗ ಕೂರ್ತಾಳೆ, ಹೆದರಿದಳು, ಹೀಗೆ.” ಹೇಳುತ್ತ ಹೋದಂತೆ ಸಲೀಸಾಯಿತು. ನಿದ್ದೆಯಿಲ್ಲದ್ದು, ಬಸ್ ಸ್ಟಾಪಿನ ಮಗು, ಬೂತಿನ ಬಾಗಿಲು, ನಗುವನ್ನು ಗಾಜಿನಲ್ಲಿ ನೋಡಿಕೊಳ್ಳುವುದು. ಇಷ್ಟು ದಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದೆಲ್ಲ ಬೇರೊಬ್ಬಳದಾಗಿ ಈಚೆ ಬಂತು. ಅವಳು ಹೀಗೆ ಮಾಡ್ತಾಳೆ, ಅವಳಿಗೆ ಹಾಗಾಗುತ್ತೆ. ಒಂದು ಕಡೆ ತಟ್ಟನೆ ನಿಂತಳು. ತಾನು ಮಾತಾಡುತ್ತಿದ್ದುದು ಅವನ ಮಾತಿನ ಧಾಟಿಯಲ್ಲೇ. ಡಾಕ್ಟರು ಚೀಟಿ ನೋಡಿದರು. “ಅತ್ತೆ ಅಂದ್ರಿ. ವಯಸ್ಸು ಇಷ್ಟೇ ಬರೆದಿದೆ?” “ದೂರದ ಸಂಬಂಧ.” ಡಾಕ್ಟರು ಮೂಗು ಒರೆಸಿಕೊಂಡರು. ಮತ್ತೆ ಕೇಳಲಿಲ್ಲ. “ಜೊತೆಗೆ ಬಂದಿದ್ದಾರಾ?” “ಹೊರಗೆ ಇದ್ದಾರೆ.” “ಒಳಗೆ ಯಾಕೆ ಬರಲಿಲ್ಲ?” “ಹೆದರಿಕೆ.” “ಯಾತಕ್ಕೆ?” ಅವಳು ತನ್ನ ಕೈ ನೋಡಿಕೊಂಡಳು. “ಒಳಗೆ ಬಂದರೆ ಆಮೇಲೆ ಮನೆಗೆ ಕಳಿಸಲ್ಲ ಅಂತ. ಅವರ ಮನೇಲಿ ಹಿಂದೆ ಒಬ್ಬರನ್ನ ಕಾರಲ್ಲಿ ಕರ್ಕೊಂಡು ಹೋಗಿದ್ರು. ಆಮೇಲೆ ಯಾರೂ ಅವರ ಹೆಸರೇ ಎತ್ತಲಿಲ್ಲ.” ಡಾಕ್ಟರು ಚೀಟಿಯನ್ನು ಪಕ್ಕಕ್ಕಿಟ್ಟರು. “ಇವತ್ತು ಮಾತಾಡ್ತೀವಿ, ಅಷ್ಟೆ,” ಅಂದರು. “ಸಾಯಂಕಾಲ ಅವರು ಮನೇಲೇ ಇರ್ತಾರೆ. ಆದರೆ ಅವರನ್ನ ನೋಡದೆ ನಾನು ಒಂದು ಮಾತ್ರೆನೂ ಕೊಡೋ ಹಾಗಿಲ್ಲ. ಹೊರಗೆ ತನಕ ಬಂದಿದ್ದಾರಲ್ಲ. ಕರ್ಕೊಂಡು ಬನ್ನಿ. ಅಲ್ಲಿವರೆಗೆ ಬೇರೆಯವರನ್ನ ಕರೆಯಲ್ಲ.”

ಅವಳು ಹೊರಗೆ ಬಂದಳು. ಅವಳು ಕೂತಿದ್ದ ಜಾಗದಲ್ಲಿ ಈಗ ಯಾರೋ ಕೂತಿದ್ದರು. ಹಜಾರದ ಆಚೆ ಬಾಗಿಲು, ಮೆಟ್ಟಿಲು, ಮೆಟ್ಟಿಲ ಕೆಳಗೆ ಬಿಸಿಲು. ‘ಹೋಗ್ತಾಳೆ,’ ಅಂದ ಅವನು. ‘ಮೆಟ್ಟಿಲಿಳೀತಾಳೆ. ಬಸ್ಸು ಹತ್ತುತ್ತಾಳೆ.’ ಅದು ಆಜ್ಞೆಯಲ್ಲ. ಆದದ್ದನ್ನು ಓದಿ ಹೇಳಿದ ಹಾಗೆ. ಕಾಲು ಆಗಲೇ ಮೆಟ್ಟಿಲ ಹತ್ತಿರ ಬಂದಿತ್ತು. ಚೀಲದಲ್ಲಿ ಫೋನು ನಡುಗಿತು. ಅಮ್ಮ. “ಹಲ್ಲು ನೋವಂತೆ? ನಿನ್ನ ರೇಡಿಯೋ ಫೋನ್ ಮಾಡಿದ್ಲು, ಹೇಗಿದ್ದಾಳೆ ಅಂತ. ನಂಗೆ ಹೇಳಲೇ ಇಲ್ಲ ನೀನು.” ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು. “ಎಲ್ಲಿದ್ದೀಯ?” ಅಮ್ಮನ ಉಸಿರು ಕೇಳಿಸುತ್ತಿತ್ತು. “ಹಲ್ಲಿನ ಡಾಕ್ಟರ ಹತ್ತಿರ ತಾನೆ?” ಅಂದಳು ಅಮ್ಮ, ಬೇಡಿಕೊಳ್ಳುವ ಹಾಗೆ. ಹೂಂ ಎಂದರೆ ಸಾಕು. ಅವತ್ತು ಅಡುಗೆಮನೆಯಲ್ಲಿ ಹಳೇ ಹಾಡು ಅಂದಿದ್ದಳಲ್ಲ, ಹಾಗೆ. ಬಾಯಿ ತೆರೆದಳು. ಅದೇ ಹೊತ್ತಿಗೆ ಅಟೆಂಡರ್ ಹೆಂಗಸು ಬಾಗಿಲಿಂದ ಅರ್ಧ ಹೊರಗೆ ಬಂದು, ಹಜಾರ ತುಂಬುವ ಹಾಗೆ, ಅತ್ತೆಯ ಹೆಸರು ಹಿಡಿದು ಕೂಗಿದಳು. “ಇವರ ಕಡೆಯವರು ಎಲ್ಲಿ ಹೋದ್ರಿ? ಡಾಕ್ಟರ್ ಕಾಯ್ತಿದ್ದಾರೆ.”

ಫೋನಿನ ಆ ಕಡೆ ಏನೂ ಇರಲಿಲ್ಲ. ಉಸಿರೂ ಇರಲಿಲ್ಲ.

“ಅಮ್ಮ,” ಅಂದಳು. “ನಿಂಗೆ ಕೇಳಿಸ್ತಾ?”

“ಹೂಂ,” ಅಂದಳು ಅಮ್ಮ. ಅದು ಅಮ್ಮನ ದನಿಯೇ ಅಲ್ಲ. ಯಾವುದೋ ಕೋಣೆಯೊಳಗೆ ಹೊಕ್ಕು ಕೂತ ಚಿಕ್ಕ ಹುಡುಗಿಯದು. “ಯಾರು ಕರೆದಿದ್ದು? ಯಾರು ಆ ಹೆಸರು ಹೇಳಿದ್ದು? ಎಲ್ಲಿದ್ದೀಯ ನೀನು?” ಆಮೇಲೆ ಒಂದೇ ಸಮನೆ, “ಮನೆಗೆ ಬಂದುಬಿಡು. ಯಾರ ಹತ್ತಿರನೂ ಏನೂ ಹೇಳಬೇಡ. ಮದುವೆ ಮುಗೀಲಿ, ಏನಿದ್ದರೂ ಆಮೇಲೆ ನೋಡೋಣ. ಕೇಳಿಸ್ತಾ ಇದೆಯಾ? ನನ್ನ ಮೇಲೆ ಆಣೆ, ಬಂದುಬಿಡು.” ಅವಳಿಗೆ ಎಲ್ಲ ಕೇಳಿಸುತ್ತಿತ್ತು. ಅಮ್ಮನ ಮಾತು, ಅದರ ಹಿಂದೆ ಅವನ ಮಾತು, ಎರಡೂ ಒಂದೇ ಮೆಟ್ಟಿಲ ಕಡೆ ತೋರಿಸುತ್ತಿದ್ದವು. ಅಮ್ಮ ಅಷ್ಟು ಹೆದರಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಆ ಹೆದರಿಕೆ ಫೋನಿನಿಂದ ಇಳಿದು ತನ್ನದರ ಪಕ್ಕ ಬಂದು ಕೂತದ್ದು ಗೊತ್ತಾಯಿತು. “ಅಮ್ಮ, ಕರೀತಿದ್ದಾರೆ,” ಅಂದಳು. ಫೋನು ಚೀಲಕ್ಕೆ ಹಾಕಿದಳು.

ಹಜಾರ ದಾಟುವಷ್ಟು ಹೊತ್ತೂ ಯಾರೂ ತಲೆ ಎತ್ತಲಿಲ್ಲ. ದರ್ಜಿಯೂ ಎತ್ತಲಿಲ್ಲ. ಡಾಕ್ಟರು ಏನೋ ಬರೆಯುತ್ತಿದ್ದವರು, ಬಾಗಿಲ ಸದ್ದಿಗೆ ನೋಡಿದರು. ಅವಳ ಹೆಗಲಿನಾಚೆ, ತೆರೆದಿದ್ದ ಬಾಗಿಲಿನ ಕಡೆ ನೋಡಿದರು, ಇನ್ನೊಬ್ಬರು ಬರಲೆಂದು. “ಎಲ್ಲಿ, ಬರಲಿಲ್ವಾ?” ‘ಹೇಳಲ್ಲ,’ ಅಂದ ಅವನು, ಬೇಸತ್ತು. ‘ಇವಳು ಹೇಳಲ್ಲ.’ ಅವಳು ಹಿಂದಕ್ಕೆ ಕೈ ಚಾಚಿ ಬಾಗಿಲು ಹಾಕಿದಳು. ಸ್ಟೂಲಿನ ತನಕ ನಡೆದು ಕೂತಳು. ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡಳು.

“ಬಂದಿದ್ದಾಳೆ,” ಅಂದಳು.

ಡಾಕ್ಟರು ಇನ್ನೂ ಒಂದು ಗಳಿಗೆ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು. ಆಮೇಲೆ ಅವರ ಕಣ್ಣು ನಿಧಾನವಾಗಿ ಅವಳ ಮುಖಕ್ಕೆ ಬಂತು, ಅಲ್ಲೇ ನಿಂತಿತು.